‘ಯಾವ ದಾಖಲೆ?’ ಜಾತಿ, ಧರ್ಮ ಬರೆದಿಡುವ ಬಗ್ಗೆ ನನ್ನ ಟಿಪ್ಪಣಿ

ಹೋದ ವಾರದ ಮಾಕ್ ಟೆಸ್ಟ್‌ನಲ್ಲಿ ಪ್ರಬಂಧಕ್ಕೆ ಬಂದ ವಿಷಯ: ‘ಸರ್ಕಾರ ಪ್ರಜೆಗಳ ಜನಾಂಗ, ಜಾತಿ, ಧರ್ಮವನ್ನು ದಾಖಲಿಸಬೇಕೆ?’ ನಾನು ಮೂರು ಪುಟ ತುಂಬಿಸಿದೆ. ಮೀಸಲಾತಿ, ಸಮಾನತೆ, ಅಂಬೇಡ್ಕರ್, ಏನೂ ಬಿಡಲಿಲ್ಲ. ಪೇಪರ್ ವಾಪಸ್ ಬಂದಾಗ ಪಕ್ಕದಲ್ಲಿ ಸರ್ ಕೆಂಪು ಇಂಕಿನಲ್ಲಿ ಎರಡೇ ಪದ ಬರೆದಿದ್ದರು: ‘ಯಾವ ದಾಖಲೆ?’

ಅರ್ಥ ಆಗೋಕೆ ಎರಡು ದಿನ ಬೇಕಾಯಿತು. ಮರೆಯೋ ಮುಂಚೆ ಬರೆದಿಡ್ತಿದ್ದೇನೆ. ಸಂವಿಧಾನದ ಮೀಸಲಾತಿ ವಿಧಿಗಳಾದ 15(4), 16(4) ಎಲ್ಲರಿಗೂ ಗೊತ್ತಿರುತ್ತೆ, ಅದನ್ನ ಬಿಟ್ಟಿದ್ದೇನೆ.

ನಾನು ಎಡವಿದ ಜಾಗ

ನಾವು ‘ದಾಖಲೆ’ ಅನ್ನುವ ಒಂದೇ ಪದದಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ತುಂಬಿಬಿಡುತ್ತೇವೆ. ಅಡಿಕೆ ಮಂಡಿ ನೋಡಿದವರಿಗೆ ಇದು ಸುಲಭ.

ಪೇಪರ್‌ನಲ್ಲಿ ದಿನಾ ಶಿವಮೊಗ್ಗ ಅಡಿಕೆ ಧಾರಣೆ ಬರುತ್ತೆ ಅಲ್ವಾ? ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಒಂದೊಂದು ದರ್ಜೆಗೂ ಬೇರೆ ಸಾಲು. ಅದನ್ನು ಓದಿ ಯಾರ ತೋಟದ ಅಡಿಕೆ ಅಂತ ಹೇಳೋಕಾಗಲ್ಲ. ಇದು ಎಣಿಕೆ. ಜನಗಣತಿಯ ಅಂಕಿ ಅಂಶ ಇದೇ ಥರ.

ಅದೇ ಮಂಡಿ ಒಳಗೆ ಲೆಕ್ಕದ ಪುಸ್ತಕ ಇರುತ್ತೆ. ರೈತನ ಹೆಸರು, ಊರು, ಎಷ್ಟು ಚೀಲ, ಎಷ್ಟು ಮುಂಗಡ. ಇದು ಪಟ್ಟಿ. ಹೆಸರು ಮತ್ತು ಗುಟ್ಟು ಒಂದೇ ಸಾಲಿನಲ್ಲಿ ಇರುತ್ತವೆ.

ಚೀಲಕ್ಕೆ ಕಟ್ಟಿದ ಹೆಸರಿನ ಚೀಟಿ ಮೂರನೆಯದು. ಅದು ಕಾರ್ಡ್. ಪುಸ್ತಕ ತೆಗೆಯೋದೂ ಬೇಡ, ಎದುರಿಗೆ ಬಂದವರೆಲ್ಲ ಓದಬಹುದು.

ಈಗ ಚರಿತ್ರೆಯ ಉದಾಹರಣೆಗಳು ತಾವಾಗಿಯೇ ಜಾಗಕ್ಕೆ ಕೂರುತ್ತವೆ. ರುವಾಂಡಾ ಕಾರ್ಡಿನ ಕಥೆ. ಆಗ ಅಲ್ಲಿ ಆಳುತ್ತಿದ್ದ ಬೆಲ್ಜಿಯಂನವರು 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಅಂತ ಜನಾಂಗ ಬರೆಸಿದರು. 1994ರಲ್ಲಿ ರಸ್ತೆಗೆ ಅಡ್ಡ ನಿಂತವರು ಅದೇ ಚೀಟಿ ಕೇಳಿ ಟುಟ್ಸಿ ಜನರನ್ನು ಕೊಂದರು. ನೆದರ್ಲೆಂಡ್ಸ್ ಪಟ್ಟಿಯ ಕಥೆ. ಅಲ್ಲಿನ ಜನಸಂಖ್ಯಾ ಪಟ್ಟಿಯಲ್ಲಿ ಮೊದಲೇ ಧರ್ಮದ ಕಾಲಂ ಇತ್ತು. ಕೆಟ್ಟ ಉದ್ದೇಶ ಇರಲಿಲ್ಲ, ಸುಮ್ನೆ ಅಚ್ಚುಕಟ್ಟು ಆಡಳಿತ. 1940ರಲ್ಲಿ ನಾಜಿಗಳು ಬಂದರು, ಪಟ್ಟಿ ಸಿದ್ಧವಾಗಿತ್ತು. ಅಲ್ಲಿನ ಸುಮಾರು 1,40,000 ಯಹೂದಿಗಳಲ್ಲಿ 1,00,000ಕ್ಕಿಂತ ಜಾಸ್ತಿ ಜನ ಸತ್ತರು. 1943ರ ಮಾರ್ಚ್ 27ರಂದು ಪ್ರತಿರೋಧದವರು ಆಮ್‌ಸ್ಟರ್‌ಡ್ಯಾಮ್‌ನ ಆ ನೋಂದಣಿ ಕಚೇರಿಗೇ ಬೆಂಕಿ ಇಟ್ಟರು. ಅವರು ಸುಡಲು ಹೊರಟಿದ್ದು ಬರೀ ಕಾಗದ! ಸಿಕ್ಕಿಬಿದ್ದವರಲ್ಲಿ ಹನ್ನೆರಡು ಜನರನ್ನು ನಾಜಿಗಳು ಗುಂಡಿಟ್ಟು ಕೊಂದರು.

ನಮ್ಮಲ್ಲಿ ಕಾರ್ಡ್ ಇಲ್ಲ ಅಂತ ಖುಷಿಪಡಬೇಡಿ. ಆಧಾರ್‌ನಲ್ಲಿ ಜಾತಿ, ಧರ್ಮ ಇಲ್ಲ, ನಿಜ. ಆದರೆ ಶಾಲೆಯ ಟಿಸಿಯಲ್ಲಿ ಇದೆ. ನಾಡಕಚೇರಿಯ ಜಾತಿ ಪ್ರಮಾಣಪತ್ರದಲ್ಲಿ ಇದೆ, ಅದರ ಮೇಲಿನ ಆರ್‌ಡಿ ನಂಬರನ್ನು ವೆಬ್‌ಸೈಟ್‌ನಲ್ಲಿ ಹಾಕಿದರೆ ಎಲ್ಲಾ ತೆರೆಯುತ್ತೆ. ಅದಿಲ್ಲದೆ ಸ್ಕಾಲರ್‌ಶಿಪ್ ಅರ್ಜಿ ಮುಂದೆ ಹೋಗಲ್ಲ. ನನ್ನ ಟಿಸಿಯಲ್ಲಿ ಯಾರೋ ಗುಮಾಸ್ತರು ‘ದೀವರ’ ಅಂತ ಬರೆದಿದ್ದರು, ಅಪ್ಪನದರಲ್ಲಿ ‘ಈಡಿಗ’. ಎರಡೂ ಒಂದೇ ಅಂತ ತೋರಿಸೋಕೆ ನಾಲ್ಕು ಸಲ ತಾಲೂಕು ಕಚೇರಿ ಮೆಟ್ಟಿಲು ಹತ್ತಿದ್ದೇನೆ.

1948ರ ಕಾಯ್ದೆ (ಇದನ್ನ ನಿಧಾನಕ್ಕೆ ಓದಿ)

ಇಲ್ಲಿ ನನಗೆ ಜಾಸ್ತಿ ಗೊಂದಲ ಆಗಿದ್ದು. ಜನಗಣತಿಗೂ ಮನೆ ಬಾಗಿಲಿಗೆ ಬಂದೇ ಕೇಳುತ್ತಾರೆ, ರಾಜ್ಯದ ಸಮೀಕ್ಷೆಗೂ ಬಂದೇ ಕೇಳುತ್ತಾರೆ. ಬರೋದು ಅದೇ ಶಾಲೆ ಮೇಷ್ಟ್ರು. ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲ.

ಜನಗಣತಿ ಸಂವಿಧಾನದ ಕೇಂದ್ರ ಪಟ್ಟಿಯ (ಕೇಂದ್ರ ಮಾತ್ರ ಕಾನೂನು ಮಾಡಬಹುದಾದ ವಿಷಯಗಳ) 69ನೇ ವಿಷಯ. ಅದು ನಡೆಯೋದು 1948ರ ಜನಗಣತಿ ಕಾಯ್ದೆಯಂತೆ. 8ನೇ ಸೆಕ್ಷನ್ ಪ್ರಕಾರ ಉತ್ತರ ಕೊಡಲೇಬೇಕು. ಬದಲಿಗೆ 15ನೇ ಸೆಕ್ಷನ್ ಒಂದು ಮಾತು ಕೊಡುತ್ತೆ: ನೀವು ಹೇಳಿದ್ದನ್ನು ಹೊರಗಿನ ಯಾರೂ ತೆರೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ. ಅಂದರೆ ಬರೆಸಿಕೊಳ್ಳುವಾಗ ಹೆಸರು ಇರುತ್ತೆ, ಹೊರಗೆ ಬರುವಾಗ ಬರೀ ಮೊತ್ತ ಬರುತ್ತೆ. ಪುಸ್ತಕದಿಂದ ಧಾರಣೆಯ ಲೆಕ್ಕ ತೆಗೆದು, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ರಾಜ್ಯಕ್ಕೆ ಈ ಕಾಯ್ದೆ ಸಿಗಲ್ಲ. ಅದಕ್ಕೇ ಬಿಹಾರ 2023ರಲ್ಲಿ ಮಾಡಿದ ಜಾತಿ ಎಣಿಕೆಯನ್ನು ‘ಸಮೀಕ್ಷೆ’ ಅಂತಲೇ ಕರೆಯಿತು, ಪಟ್ನಾ ಹೈಕೋರ್ಟ್ ಒಪ್ಪಿತು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ 2025ರ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಮೂರೇ ದಿನಕ್ಕೆ ಹೈಕೋರ್ಟ್ ಹೇಳಿತು: ಜನರನ್ನು ಒತ್ತಾಯ ಮಾಡಬೇಡಿ, ಮಾಹಿತಿ ಗುಟ್ಟಾಗಿಡಿ. 8ನೇ ಸೆಕ್ಷನ್ನಿನ ‘ಕೊಡಲೇಬೇಕು’ ಇಲ್ಲಿ ಇಲ್ಲ. ಬೀಗ ಹಾಕೋಕೂ ಕೋರ್ಟೇ ಹೇಳಬೇಕಾಯಿತು. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೆದವರು ನಮ್ಮ ಬ್ಯಾಚ್‌ನಲ್ಲಿ ಒಬ್ಬರೂ ಇಲ್ಲ.

46 ಲಕ್ಷ ಜಾತಿ?

ದೇಶದಲ್ಲಿ ಎಲ್ಲಾ ಜಾತಿಗಳನ್ನು ಎಣಿಸಿ ಪ್ರಕಟಿಸಿದ್ದು 1931ರಲ್ಲೇ ಕೊನೆ. ಆಗ 4,147 ಜಾತಿ. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ ಬಂದ ಹೆಸರುಗಳು 46 ಲಕ್ಷಕ್ಕೂ ಜಾಸ್ತಿ ಅಂತ ಕೇಂದ್ರವೇ ಸುಪ್ರೀಂ ಕೋರ್ಟಿಗೆ ಹೇಳಿತು. ಓದಿದಾಗ ಅಚ್ಚಿನ ತಪ್ಪು ಅಂದುಕೊಂಡೆ.

ಆಮೇಲೆ ನಮ್ಮ ಜಗಲಿ ನೆನಪಾಯಿತು. ಹೋದ ವರ್ಷ ಸಮೀಕ್ಷೆಗೆ ಬಂದ ಮೇಡಂ ಮೊಬೈಲ್ ಹಿಡಿದು ಕೂತಿದ್ದರು. ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಿದರೆ ಮಾತ್ರ ಎರಡು ಕಡ್ಡಿ. ‘ಜಾತಿ ಏನು ಬರ್ಕೊಳ್ಳಲಿ?’ ಅಂದರು. ಅಜ್ಜಿ ‘ದೀವ್ರು’ ಅಂದಳು. ಅಪ್ಪ ‘ಈಡಿಗ ಅಂತ ಬರ್ಕೊಳ್ಳಿ ಮೇಡಂ’ ಅಂದ. ಕುಮಟಾದಿಂದ ಬಂದಿದ್ದ ಅತ್ತೆ ‘ನಮ್ಮ ಕಡೆ ನಾಮಧಾರಿ ಅಂತಾರಲ್ಲ’ ಅಂದಳು. ಒಂದೇ ಜಗಲಿ, ಮೂರು ಹೆಸರು. ಒಂದೊಂದಕ್ಕೂ ಕಾಗುಣಿತ ನಾಲ್ಕು ಥರ ಆದರೆ ಹನ್ನೆರಡು ‘ಜಾತಿ’. ಇಡೀ ದೇಶದ ಜಗಲಿಗಳನ್ನು ಕೂಡಿಸಿ ನೋಡಿ. ಜನ ಸುಳ್ಳು ಹೇಳಿದ್ದಲ್ಲ, ಹೆಸರುಗಳಿಗೆ ಮೊದಲೇ ಕೋಡ್ ಕೊಟ್ಟಿರಲಿಲ್ಲ ಅಷ್ಟೇ.

ನನ್ನ ಶಾರ್ಟ್‌ಕಟ್ ಮುರಿದದ್ದು

ಇಷ್ಟಾದ ಮೇಲೆ ಒಂದು ಸೂತ್ರ ಮಾಡಿಕೊಂಡೆ: ಎಣಿಕೆ ಸರಿ, ಪಟ್ಟಿ ಹುಷಾರು, ಕಾರ್ಡ್ ಬೇಡ. ರೂಮ್‌ಮೇಟ್‌ಗೂ ಹೇಳಿಕೊಟ್ಟೆ. ಅವನು ಅಮೆರಿಕದ ಉದಾಹರಣೆ ತಂದು ಕೆಡವಿದ.

ಅಮೆರಿಕ 1790ರ ಮೊದಲ ಗಣತಿಯಿಂದಲೂ ಜನಾಂಗದ ಪ್ರಕಾರ ಎಣಿಸುತ್ತಿದೆ. (ಧರ್ಮ ಹೇಳಿ ಅಂತ ಗಣತಿಯಲ್ಲಿ ಒತ್ತಾಯ ಮಾಡುವಂತಿಲ್ಲ ಅಂತ 1976ರಲ್ಲಿ ಕಾನೂನು ಮಾಡಿದರು. ನಮ್ಮಲ್ಲಿ ಉಲ್ಟಾ, ಗಣತಿಯಲ್ಲಿ ಧರ್ಮ ಕೇಳುತ್ತಾರೆ.) 1942ರಲ್ಲಿ ಜಪಾನ್ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ತುಂಬುವಾಗ ಗಣತಿ ಇಲಾಖೆ ಮೊದಲು ಕೊಟ್ಟಿದ್ದು ಹೆಸರುಗಳನ್ನಲ್ಲ. ಯಾವ ಬೀದಿಯ ಯಾವ ಬ್ಲಾಕಿನಲ್ಲಿ ಎಷ್ಟು ಜನ ಅನ್ನೋ ಬರೀ ಎಣಿಕೆ. ಸೈನ್ಯಕ್ಕೆ ಅಷ್ಟು ಸಾಕಾಯಿತು. ಗುಟ್ಟು ಕಾಯುವ ನಿಯಮವನ್ನು ಅದೇ ವರ್ಷ ಯುದ್ಧದ ಹೆಸರಿನಲ್ಲಿ ಸಡಿಲ ಮಾಡಿದರು.

ನಮ್ಮ ಮಲೆನಾಡಿಗೆ ಇದು ಬೇಗ ಅರ್ಥ ಆಗಬೇಕು. ನಮ್ಮೂರು ಅಂದರೆ ಕಾನಿನ ಅಂಚಿನ ಹನ್ನೊಂದು ಮನೆ. ಅದರಲ್ಲಿ ಹಸಲರದ್ದು ಒಂದೇ ಮನೆ. ‘ಈ ಊರಲ್ಲಿ ಹಸಲರು 4’ ಅಂತ ಬರೆದರೆ ಹೆಸರು ಬರೆದ ಹಾಗೇ ಆಯಿತಲ್ಲ! ರಾಶಿ ಚಿಕ್ಕದಾದಷ್ಟೂ ಎಣಿಕೆ ಪಟ್ಟಿಯಾಗಿಬಿಡುತ್ತೆ. ನಮ್ಮ ಜನಗಣತಿಯಲ್ಲೂ ಪರಿಶಿಷ್ಟ ಜಾತಿ, ಪಂಗಡದ ಮೊತ್ತ ಹಳ್ಳಿವಾರು ಬರುತ್ತೆ. ಧರ್ಮದ ಕೋಷ್ಟಕ ಮಾತ್ರ ತಾಲೂಕು, ಪಟ್ಟಣದ ಮಟ್ಟಕ್ಕೆ ನಿಲ್ಲುತ್ತೆ.

ಹಾಗಾಗಿ ಸೂತ್ರಕ್ಕೆ ಬಾಲ ಸೇರಿಸಿದೆ: ಎಣಿಕೆ ಸರಿ, ರಾಶಿ ದೊಡ್ಡದಿದ್ದರೆ.

ಎಣಿಸಲೇಬಾರದು ಅನ್ನುವವರು

ಫ್ರಾನ್ಸ್. 1978ರ ಕಾನೂನಿನ ಪ್ರಕಾರ ಜನಾಂಗ, ಧರ್ಮದ ಮಾಹಿತಿ ಕಲೆಹಾಕುವುದು ಸಾಮಾನ್ಯವಾಗಿ ನಿಷಿದ್ಧ. ಕೇಳೋಕೆ ಚಂದ. ಆದರೆ ಕೆಲಸ ಕೊಡುವಾಗ ಭೇದ ಆಗ್ತಿದೆಯಾ ಅಂತ ತಿಳಿಯೋಕೆ ಅಲ್ಲಿನವರು ಅಪ್ಪ ಅಮ್ಮ ಹುಟ್ಟಿದ ದೇಶ ಕೇಳಿ ಸುತ್ತಿ ಬಳಸಿ ಹೋಗಬೇಕು. ನಮ್ಮಲ್ಲಿ 1962ರ ಬಾಲಾಜಿ ಪ್ರಕರಣದಲ್ಲಿ ಮೈಸೂರು ರಾಜ್ಯದ 68% ಮೀಸಲಾತಿಯನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಈಗ ಮೀಸಲಾತಿ ಪ್ರಶ್ನೆ ಬಂದರೆ ಕೋರ್ಟ್ ಮೊದಲು ಕೇಳೋದು ‘ಅಂಕಿ ಅಂಶ ಎಲ್ಲಿ?’ ಅಂತ. ಎಣಿಸದೆ ಕೊಡೋದು ಎಲ್ಲಿಂದ? ನನ್ನ ಮತ ಎಣಿಸುವ ಕಡೆಗೇ.

ಹೀಗೆ ಮತ್ತೆ ಬರೆದು ಸರ್‌ಗೆ ಕೊಟ್ಟೆ. ಈ ಸಲವೂ ಎರಡೇ ಪದ: ‘ಲೆಬನಾನ್ ನೋಡು.’

ನೋಡಿದೆ. ಅಲ್ಲಿ ಕೊನೆಯ ಅಧಿಕೃತ ಗಣತಿ ಆಗಿದ್ದು 1932ರಲ್ಲಿ. ಆ ಲೆಕ್ಕದ ಮೇಲೆ ಸಂಸತ್ತಿನ ಸೀಟುಗಳನ್ನು ಕ್ರೈಸ್ತರಿಗೆ 6, ಮುಸ್ಲಿಮರಿಗೆ 5ರಂತೆ ಹಂಚಿಕೊಂಡರು. 1989ರ ಒಪ್ಪಂದದಲ್ಲಿ ಅರ್ಧ ಅರ್ಧ ಆಯಿತು. ಮತ್ತೆ ಎಣಿಸಿದರೆ ಯಾರದೋ ಪಾಲು ಕಡಿಮೆ ಆಗುತ್ತೆ, ಅದಕ್ಕೆ ಯಾರೂ ಎಣಿಸೋಕೆ ಹೋಗಿಲ್ಲ. ಎಣಿಕೆ, ಪಟ್ಟಿ, ಕಾರ್ಡ್ ಅನ್ನುವ ನನ್ನ ಮೂರು ಡಬ್ಬಿಗಳಲ್ಲಿ ಇದನ್ನ ಎಲ್ಲಿ ಹಾಕೋದು? ಭಾನುವಾರ ಗ್ರೂಪ್ ಸ್ಟಡಿಗೆ ಬರುವವರು ಯೋಚಿಸಿಕೊಂಡು ಬನ್ನಿ.