ಆಟೋಮ್ಯಾಟಿಕ್ ಕಾರಿನ ನಡುಕ: ಮೈಲೇಜಿನ ಬೆನ್ನಿಗೇ ಬಂದ ಕಾಯಿಲೆ

ಗಲ್ಫಿನಲ್ಲಿ ವರ್ಷಗಟ್ಟಲೆ ಆಟೋಮ್ಯಾಟಿಕ್ ಓಡಿಸಿ ಬಂದವರು ಕಾಸರಗೋಡಿನ ಯಾವ ಊರಿನಲ್ಲಿಲ್ಲ ಹೇಳಿ? ಊರಿಗೆ ಬಂದ ಮೇಲೂ ಅವರಿಗೆ ಅದೇ ಕಾರು ಬೇಕು. ಚೆರ್ಕಳ-ಬದಿಯಡ್ಕ ರಸ್ತೆಯಲ್ಲಿ 50-60ರ ವೇಗದಲ್ಲಿ ಹಗುರಾಗಿ ಕಾಲಿಟ್ಟು ಹೋಗುವಾಗ, ಸಾಲು ಹಂಪುಗಳ ಮೇಲೆ ಹತ್ತಿದ ಹಾಗೆ ಕಾರು ಗಡಗಡ ಅಂದರೆ ಮಾತ್ರ ಗಾಬರಿಯಾಗುತ್ತದೆ. ಗೇರ್‌ಬಾಕ್ಸೇ ಹೋಯಿತು ಅಂದುಕೊಳ್ಳುತ್ತಾರೆ. ಅಷ್ಟು ಅವಸರ ಬೇಡ.

1940ರ ಮಾಡೆಲ್ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದಾಗ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕ ಗೇರಿಗೆ ದಾಟುತ್ತಿತ್ತು. ಆಮೇಲೆ ಬಂದ ಟಾರ್ಕ್ ಕನ್ವರ್ಟರಿನಲ್ಲೂ, ಅಂದರೆ ಎಂಜಿನ್ನಿಗೂ ಗೇರಿಗೂ ನಡುವೆ ಆಯಿಲ್ ತುಂಬಿ ಕೂತ ಡಬ್ಬಿಯಲ್ಲೂ, ಹಾಗೆಯೇ. ನಯವಾಗಿತ್ತು, ಆದರೆ ಯಾವಾಗಲೂ ಸ್ವಲ್ಪ ಜಾರುತ್ತಿದ್ದುದರಿಂದ ಪೆಟ್ರೋಲ್ ದಂಡ. ಕನ್ವರ್ಟರನ್ನು ಜಾರದಂತೆ ಬಿಗಿಯಾಗಿ ಹಿಡಿಯುವ ಕ್ಲಚ್ಚನ್ನು 1949ರಲ್ಲೇ ಪ್ಯಾಕರ್ಡ್ ಕಂಪನಿ ತಂದಿತ್ತು. ಅದಕ್ಕೆ ಬೆಲೆ ಬಂದದ್ದು 1973ರ ತೈಲ ಬಿಕ್ಕಟ್ಟಿನ ನಂತರ. 1978ರ ಮಾಡೆಲ್‌ಗಳಲ್ಲಿ ಕ್ರೈಸ್ಲರ್ ಅದನ್ನು ಹಾಕಿತು, ಉಳಿದವರೂ ಹಿಂಬಾಲಿಸಿದರು.

ಮೈಲೇಜಿನ ಆಸೆ ಅಲ್ಲಿಗೆ ನಿಲ್ಲಲಿಲ್ಲ. 1990ರ ದಶಕದಲ್ಲಿ ಕಡಿಮೆ ವೇಗದಲ್ಲೂ ಈ ಕ್ಲಚ್ಚನ್ನು ಅರ್ಧಂಬರ್ಧ ಹಿಡಿದು, ಬೇಕೆಂದೇ ಚೂರು ಜಾರಿಸುವ ಪದ್ಧತಿ ಹೆಚ್ಚಿತು. ನಡುಕದ ಬೇರು ಇರುವುದು ಇಲ್ಲೇ. ಗೇರ್‌ಬಾಕ್ಸಿನ ಆಯಿಲ್‌ನಲ್ಲಿ ಘರ್ಷಣೆಯನ್ನು ಹದಕ್ಕೆ ತರುವ ರಾಸಾಯನಿಕಗಳಿರುತ್ತವೆ. ಬಿಸಿಗೆ, ವರ್ಷಗಳ ಓಟಕ್ಕೆ ಅವು ಸವೆಯುತ್ತವೆ. ಆಗ ಕ್ಲಚ್ ಒಂದೇ ಸಮನೆ ಜಾರುವ ಬದಲು ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಮಾಡುತ್ತದೆ. ಸೆಕೆಂಡಿಗೆ ಹಲವಾರು ಸಲ! ಜನರಲ್ ಮೋಟರ್ಸ್‌ನ 8 ಗೇರಿನ ಗೇರ್‌ಬಾಕ್ಸಿನಲ್ಲಿ ಆಯಿಲ್ ತೇವ ಹೀರಿ ಇದೇ ತೊಂದರೆಯಾಯಿತು. 2019ರ ಹೊತ್ತಿಗೆ ಕಂಪನಿಯೇ ಹಳೆಯದನ್ನು ತೆಗೆದು ಬೇರೆ ಆಯಿಲ್ ತುಂಬಿಸಲು ಡೀಲರುಗಳಿಗೆ ಹೇಳಿತು.

ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲು ನಿಮ್ಮ ಕಾರು ಎಎಂಟಿಯೋ ಕನ್ವರ್ಟರಿನದೋ ಕೇಳಿ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಗೇರ್ ಮತ್ತು ಕ್ಲಚ್ಚನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಅದಕ್ಕೆ ಕನ್ವರ್ಟರೇ ಇಲ್ಲ, ಅಲ್ಲಿ ನಡುಗುವುದು ಮಾಮೂಲಿ ಕ್ಲಚ್, ಅದೂ ಹೆಚ್ಚಾಗಿ ಕಾರು ಹೊರಡುವಾಗ. ಕನ್ವರ್ಟರಿನ ಕಾರಾದರೆ, ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ನಡುಕ ಬಂದಾಗ ಎಕ್ಸಲರೇಟರ್ ಕದಲಿಸದೆ ಎಡಗಾಲಿನಿಂದ ಬ್ರೇಕನ್ನು ಸುಮ್ನೆ ಮುಟ್ಟಿ, ಹಿಂದಿನ ಲೈಟ್ ಹೊತ್ತುವಷ್ಟು ಮಾತ್ರ. ಸಾಮಾನ್ಯವಾಗಿ ಬ್ರೇಕ್ ಮುಟ್ಟಿದೊಡನೆ ಆ ಕ್ಲಚ್ ಬಿಡುತ್ತದೆ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಚೂರು ಮೇಲೇರಿ ನಡುಕ ಅಲ್ಲೇ ನಿಂತರೆ ಕಳ್ಳ ಸಿಕ್ಕಿದ ಹಾಗೆ. ನಿಲ್ಲಲಿಲ್ವಾ? ಸ್ಪಾರ್ಕ್ ಪ್ಲಗ್, ಕಾಯಿಲ್, ಎಂಜಿನ್ ಮೌಂಟ್ ನೋಡಿಸಿ. ಚಡಾವು ಹತ್ತುವಾಗ, ಜೋರಾಗಿ ತುಳಿದಾಗ ಜಾಸ್ತಿಯಾಗುವ ಅದುರಾಟ ಎಷ್ಟೋ ಸಲ ಎಂಜಿನ್ನಿನದೇ.

ಕಳ್ಳ ಆ ಕ್ಲಚ್ಚೇ ಆದರೆ ಮೊದಲು ಗೇರ್‌ಬಾಕ್ಸಿನ ಆಯಿಲ್ ಬದಲಿಸಿ ನೋಡಿ. ಬದಲಿಸುವಾಗ ಕಾರಿನ ಕೈಪಿಡಿ ಹೇಳುವ ದರ್ಜೆಯದನ್ನೇ ಹಾಕಿಸಿ. 'ಎಲ್ಲಾ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಒಂದೇ' ಅನ್ನುವವರ ಮಾತು ಕೇಳಲೇಬೇಡಿ. ಕೆಳಗಿನ ಬೋಲ್ಟ್ ಬಿಚ್ಚಿ ಸುರಿಸಿದರೆ ಕನ್ವರ್ಟರಿನೊಳಗೆ ಹಳೆಯದು ಬಹಳಷ್ಟು ಉಳಿದಿರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹೊಸ ಆಯಿಲ್ ಪೂರ್ತಿ ತುಂಬಿಸಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೂ ನಡುಕ ಉಳಿದರೆ ಮಾತ್ರ ಕನ್ವರ್ಟರ್ ಬಿಚ್ಚುವ ಮಾತಿಗೆ ಒಪ್ಪಿ.