ಈಜಿಪ್ಟಿನ ದೇವರಿಗೆ ನರಿಯ ತಲೆ ಏಕೆ?

ಪ್ರಶ್ನೆ: ಪ್ರಾಚೀನ ಈಜಿಪ್ಟಿನ ಚಿತ್ರಗಳಲ್ಲಿ ದೇವತೆಗಳಿಗೆ ಮನುಷ್ಯನ ಮೈ, ಪ್ರಾಣಿಯ ತಲೆ ಇರುತ್ತದೆ. ಮನುಷ್ಯ ತನ್ನೊಳಗಿನ ಪಶುವನ್ನು ಗೆದ್ದು ದೈವತ್ವಕ್ಕೆ ಏರಬೇಕು ಎಂಬುದರ ಸಂಕೇತ ಅದು ಎಂದು ಹಲವೆಡೆ ಓದಿದ್ದೇನೆ. ನಿಜವೇ?

ಉತ್ತರ: ಕೇಳಲು ಸೊಗಸಾಗಿದೆ, ಆದರೆ ಈಜಿಪ್ಟಿನವರ ಮಾತು ಅದಲ್ಲ. ಹಾಗಿದ್ದಿದ್ದರೆ ಪ್ರಾಣಿಯ ಭಾಗ ಕೆಳಗಿರಬೇಕಿತ್ತು. ಗೆಲ್ಲಬೇಕಾದದ್ದನ್ನು ಯಾರೂ ದೇವರ ಹೆಗಲ ಮೇಲೆ ತಲೆಯಾಗಿ ಕೂರಿಸುವುದಿಲ್ಲ.

ಅಲ್ಲಿನ ಚಿತ್ರಕಾರನಿಗೆ ತಲೆಯೆಂದರೆ ಗುರುತು. ಮರುಭೂಮಿಯ ಅಂಚಿನ ಸಮಾಧಿಗಳ ಸುತ್ತ ನರಿಗಳು ಸುಳಿಯುತ್ತಿದ್ದವು, ಹೂತದ್ದನ್ನು ಕೆದಕುತ್ತಿದ್ದವು. ಹೆಣ ಕಾಯುವ ದೇವರಾದ ಅನುಬಿಸ್‌ಗೆ ಅದೇ ನರಿಯ ತಲೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಜಾಣತನ ಇದು. ಆ ತಲೆಯ ಕಪ್ಪು ನರಿಯ ಬಣ್ಣವಲ್ಲ, ನೈಲ್ ನದಿಯ ನೆರೆ ತಂದು ಹಾಕುತ್ತಿದ್ದ ಫಲವತ್ತಾದ ಮೆಕ್ಕಲುಮಣ್ಣಿನದು. ಬರವಣಿಗೆಯ ದೇವರು ಥೋತ್‌ಗೆ ಒಂದೆಡೆ ಐಬಿಸ್ ಹಕ್ಕಿಯ ತಲೆ. ಇನ್ನೊಂದೆಡೆ ಅವನು ಪೂರ್ತಿ ಬಬೂನ್ ಕೋತಿಯಾಗಿ ಕುಳಿತಿರುತ್ತಾನೆ. ಪ್ರೀತಿ, ಸಂಗೀತಗಳ ದೇವತೆ ಹಾಥೋರ್ ಹಸುವಾಗಿಯೂ ಇರುತ್ತಾಳೆ, ಬರೀ ಹಸುವಿನ ಕಿವಿಯುಳ್ಳ ಹೆಂಗಸಾಗಿಯೂ ಇರುತ್ತಾಳೆ. ಇದೇ ದೇವರ ನಿಜಮುಖ ಎಂದು ಯಾರೂ ಹಟ ಹಿಡಿದಿರಲಿಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ಈ ಜೋಡಣೆ ತಲೆಕೆಳಗಾಗುತ್ತದೆ. ಸತ್ತವನಿಂದ ಹೊರಟು ಓಡಾಡುವ ‘ಬಾ’ ಎಂಬ ಅಂಶಕ್ಕೆ ಹಕ್ಕಿಯ ಮೈ, ಆ ವ್ಯಕ್ತಿಯ ತಲೆ. ಕ್ರಿ.ಪೂ. 2500ರ ಸುಮಾರಿನ ಗಿಜಾದ ಸ್ಫಿಂಕ್ಸ್‌ಗೆ ಸಿಂಹದ ಮೈ, ರಾಜನ ತಲೆ. ಬುದ್ಧಿ ಪಶುತ್ವವನ್ನು ಗೆದ್ದದ್ದನ್ನು ಅದರಲ್ಲಿ ಕಾಣುವುದು ನಮ್ಮ ಕಾಲದವರ ಚಪಲ. ಅದು ಹೇಳುವುದಿಷ್ಟೇ: ನಮ್ಮ ದೊರೆಗೆ ಸಿಂಹಬಲವಿದೆ. ಕ್ರಿ.ಪೂ. 3100ರ ಸುಮಾರಿನ, ನಾರ್ಮರ್ ಎಂಬ ರಾಜನ ಕೆತ್ತನೆಯ ಕಲ್ಲುಫಲಕವನ್ನು ನೋಡಿ. ಶತ್ರುವಿನ ತಲೆಗೆ ಗದೆ ಎತ್ತಿರುವ ರಾಜನ ನಡುಪಟ್ಟಿಯಿಂದ ಹೋರಿಯ ಬಾಲವೊಂದು ಜೋತಾಡುತ್ತಿದೆ. ಫಲಕದ ಇನ್ನೊಂದು ಬದಿಯಲ್ಲಿ ಹೋರಿಯೊಂದು ಕೋಟೆಗೋಡೆಯನ್ನು ಕೊಂಬಿನಿಂದ ಕೆಡವುತ್ತಿದೆ. ಆ ಹೋರಿಯೂ ರಾಜನೇ. ಪಶುತ್ವ ಇಲ್ಲಿ ಬಚ್ಚಿಡುವ ವಿಷಯವಲ್ಲ, ಮೆರೆಯುವ ವಿಷಯ.

ಹಾಗಾದರೆ ಪ್ರಾಣಿಗಳೆಲ್ಲ ದೇವರೇ? ಅಲ್ಲ. ಹಳೆಯ ರಾಜಧಾನಿ ಮೆಂಫಿಸ್‌ನಲ್ಲಿ ದೇವರೆಂದು ಪೂಜಿಸುತ್ತಿದ್ದ ಏಪಿಸ್ ಹೋರಿ ಒಂದು ಕಾಲಕ್ಕೆ ಒಂದೇ. ಮೈಮೇಲಿನ ಗುರುತುಗಳನ್ನು ನೋಡಿ ಆರಿಸುತ್ತಿದ್ದರು, ಉಳಿದ ಹೋರಿಗಳು ನೇಗಿಲಿಗೆ. ಮನೆಯ ಬೆಕ್ಕು ಸತ್ತರೆ ಮನೆಮಂದಿ ಹುಬ್ಬು ಬೋಳಿಸಿಕೊಳ್ಳುತ್ತಾರೆ ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಅದೇ ನಾಡಿನಲ್ಲಿ ಹರಕೆಗೆಂದೇ ಬೆಕ್ಕುಗಳನ್ನು ಸಾಕಿ, ಕತ್ತು ಮುರಿದು, ಮಮ್ಮಿ ಮಾಡಿ ಭಕ್ತರಿಗೆ ಮಾರುತ್ತಿದ್ದರು. ಅಂಥ ಬೆಕ್ಕಿನ ಮಮ್ಮಿಗಳು ಸುಮಾರು 19 ಟನ್‌ನಷ್ಟು 1890ರಲ್ಲಿ ಗೊಬ್ಬರಕ್ಕೆಂದು ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದವು.

ಇನ್ನು ಮನುಷ್ಯ ಯಾರು? ‘ಮೆರಿಕರೆಗೆ ಉಪದೇಶ’ ಎಂಬ ಹಳೆಯ ನೀತಿಗ್ರಂಥ ರಾಜನೊಬ್ಬ ಮಗನಿಗೆ ಹೇಳಿದ ಬುದ್ಧಿಮಾತಿನ ರೂಪದಲ್ಲಿದೆ. ಮನುಷ್ಯರು ದೇವರು ಮೇಯಿಸುವ ದನಗಳು, ಅವರಿಗಾಗಿಯೇ ಅವನು ಭೂಮಿ ಆಕಾಶಗಳನ್ನು ಮಾಡಿ ಮೂಗಿಗೆ ಉಸಿರಿತ್ತ ಎನ್ನುತ್ತದೆ ಅದು. ಮರುಕ್ಷಣವೇ, ಅವರು ಅವನ ಮೈಯಿಂದ ಬಂದ ಅವನದೇ ಪ್ರತಿರೂಪಗಳು ಎನ್ನುತ್ತದೆ. ದನವೂ ಹೌದು, ದೇವರ ಪಡಿಯಚ್ಚೂ ಹೌದು. ನಡುವೆ ‘ಆದರೆ’ ಇಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಕಂಡಿಲ್ಲ.

ಗೆಲ್ಲಬೇಕಾದದ್ದು ಏನೂ ಇರಲಿಲ್ಲವೇ ಎಂದರೆ, ಇತ್ತು. ಅದನ್ನು ತೂಗುವ ದೃಶ್ಯ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅನಿ ಎಂಬ ಲಿಪಿಕಾರನ ಪಪೈರಸ್ ಸುರುಳಿಯಲ್ಲಿದೆ, ಕ್ರಿ.ಪೂ. 1250ರ ಸುಮಾರಿನದು. ಅನಿ ಮತ್ತು ಅವನ ಹೆಂಡತಿ ಬಾಗಿ ನಿಂತಿದ್ದಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಸತ್ಯ ಮತ್ತು ನ್ಯಾಯದ ದೇವತೆ ಮಾತ್‌ಳ ಗರಿ. ಅನುಬಿಸ್ ಮೊಣಕಾಲೂರಿ ತೂಕ ಪರೀಕ್ಷಿಸುತ್ತಿದ್ದಾನೆ, ಥೋತ್ ಲೇಖನಿ ಹಿಡಿದಿದ್ದಾನೆ. ಅವನ ಬೆನ್ನ ಹಿಂದೆ ಮೊಸಳೆಯ ಮೂತಿ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗದ ಅಮ್ಮಿತ್ ಕಾದು ಕುಳಿತಿದ್ದಾಳೆ. ಹೃದಯ ತಪ್ಪಿತಸ್ಥವೆಂದು ಕಂಡರೆ ಅದು ಅವಳ ತುತ್ತು. ತನ್ನ ಹೃದಯವೇ ತನ್ನ ವಿರುದ್ಧ ಸಾಕ್ಷಿ ಹೇಳೀತೆಂಬ ಅಂಜಿಕೆಯೂ ಇತ್ತು. ಹಾಗೆ ಹೇಳಬೇಡ ಎಂದು ಬೇಡುವ ಮಂತ್ರವನ್ನು ಜೀರುಂಡೆಯಾಕಾರದ ಕಲ್ಲಿನಲ್ಲಿ ಕೊರೆದು ಹೆಣದ ಎದೆಯ ಮೇಲಿಡುತ್ತಿದ್ದರು.

ವಿಚಾರಣೆಯಲ್ಲಿ ಸತ್ತವನು ಒಪ್ಪಿಸಬೇಕಾದ ಮಾತುಗಳನ್ನು ಕೇಳಿ. ತಕ್ಕಡಿಯ ತೂಕದಲ್ಲಿ ಮೋಸ ಮಾಡಿಲ್ಲ. ಮಕ್ಕಳ ಬಾಯಿಂದ ಹಾಲು ಕಸಿದಿಲ್ಲ. ದನಗಳನ್ನು ಅವು ಮೇಯುವ ಹುಲ್ಲಿನಿಂದ ದೂರ ಮಾಡಿಲ್ಲ. ಹರಿಯುವ ನೀರಿಗೆ ಅಡ್ಡಗಟ್ಟಿಲ್ಲ. ವ್ಯಭಿಚಾರ ಮಾಡಿಲ್ಲ ಎಂಬುದೂ ಅಲ್ಲಿದೆ, ಆದರೆ ಮೈಯಿರುವುದೇ ತಪ್ಪೆಂಬ ಮಾತು ಎಲ್ಲೂ ಇಲ್ಲ. ಪಟ್ಟಿಯ ಬಹುಪಾಲು ನೆರೆಹೊರೆಯವರಿಗೆ, ದೇವಸ್ಥಾನಕ್ಕೆ, ನೀರು ಹಂಚಿಕೊಳ್ಳುವ ಊರಿಗೆ ಬಗೆಯುವ ದ್ರೋಹವೇ. ಪಶುವಿನ ಬಾಯಿಂದ ಹುಲ್ಲು ತಪ್ಪಿಸುವುದೂ ಪಾಪ ಎನ್ನುವವರು ಪಶುತ್ವವನ್ನೇ ಪಾಪವೆಂದಾರೆಯೇ?

ತೂಕದಲ್ಲಿ ಗೆದ್ದವನು ಸತ್ತವರ ಲೋಕದ ಒಡೆಯನಾದ ಒಸೈರಿಸ್ ದೇವನ ಹೆಸರನ್ನೇ ಹೊತ್ತು ‘ಒಸೈರಿಸ್ ಅನಿ’ ಆಗುತ್ತಾನೆ. ಅಷ್ಟಾದ ಮೇಲೆ ಅವನು ಪಶುರೂಪವನ್ನು ಕಳಚಿಕೊಳ್ಳಲು ಹೊರಡಬೇಕಿತ್ತಲ್ಲ? ಅದೇ ಸುರುಳಿಯಲ್ಲಿ ಅನಿಗಾಗಿ ರೂಪ ಬದಲಿಸುವ ಮಂತ್ರಗಳು ಸಾಲುಗಟ್ಟಿವೆ: ಬಂಗಾರದ ಗಿಡುಗನಾಗಲು ಒಂದು, ಅಂಬರಗುಬ್ಬಿಯಾಗಲು ಒಂದು, ಹಾವಾಗಲು ಒಂದು, ಮೊಸಳೆಯಾಗಲು ಇನ್ನೊಂದು.