ಕೊನೆಯ ಮಾತಿಗೆ ಕಾಯುವವರು

“ಅಪ್ಪ ಕೊನೆಗೆ ಒಂದ್ಸಲ ಕಣ್ಣು ಬಿಟ್ಟು ಏನಾದ್ರೂ ಹೇಳ್ತಾರಲ್ವಾ ಡಾಕ್ಟ್ರೇ?”

ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಸಂಕಟ ತಗ್ಗಿಸುವ ಆರೈಕೆಯ, ವೈದ್ಯೆಯಾಗಿ ನಾನು ಹೆಚ್ಚು ಕೇಳಿಸಿಕೊಂಡಿರುವ ಪ್ರಶ್ನೆಗಳಲ್ಲಿ ಇದೂ ಒಂದು. ಮೊದಮೊದಲು ಇದನ್ನು ಬರೀ ಆಸೆ ಎಂದುಕೊಂಡಿದ್ದೆ. ವರ್ಷಗಳು ಕಳೆದ ಮೇಲೆ ಗೊತ್ತಾಯಿತು, ಇದು ಆಸೆಯಲ್ಲ, ನಂಬಿಕೆ. ಹಾಗೇ ನಡೆಯುತ್ತದೆ ಎಂದು ಕೇಳುವವರಿಗೆ ಖಾತ್ರಿಯಿರುತ್ತದೆ. ಯಾಕೆಂದರೆ ಅವರು ನೂರಾರು ಸಲ ಹಾಗೆ ನಡೆದದ್ದನ್ನು ನೋಡಿದ್ದಾರೆ, ತೆರೆಯ ಮೇಲೆ. ಮಗನ ತೊಡೆಯ ಮೇಲೆ ತಂದೆಯ ತಲೆ, ಮುಚ್ಚಿಟ್ಟಿದ್ದ ಒಂದು ಸತ್ಯ, ಒಂದು ಕ್ಷಮೆ, ಮಾತು ಮುಗಿದ ಮರುಕ್ಷಣವೇ ಜಾರಿ ಬೀಳುವ ಕೈ. ನಮ್ಮಲ್ಲಿ ಹೆಚ್ಚಿನವರು ಸಾವನ್ನು ಹಾಸಿಗೆಯ ಪಕ್ಕ ಕೂತು ನೋಡುವ ಎಷ್ಟೋ ಮೊದಲೇ ಸಿನಿಮಾದಲ್ಲಿ ನೋಡಿರುತ್ತೇವೆ.

ನಾನು ಸಿನಿಮಾವನ್ನು ದೂರುತ್ತಿಲ್ಲ. ಎರಡು ಗಂಟೆಯ ಕಥೆಗೆ ಒಂದು ಮುಕ್ತಾಯ ಬೇಕು. ಆದರೆ ಆ ಮುಕ್ತಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದವರು ಪಡುವ ಪಾಡನ್ನು ನಾನು ದಿನವೂ ನೋಡುತ್ತೇನೆ. ಅದಕ್ಕೇ ಇದನ್ನು ಬರೆಯಬೇಕೆನ್ನಿಸಿತು.

ದೀರ್ಘ ಕಾಯಿಲೆಯಲ್ಲಿ ಕೊನೆಯ ದಿನಗಳು ಬಹುಪಾಲು ನಿದ್ದೆಯ ದಿನಗಳು. ಮೊದಲು ಊಟ ಬೇಡವಾಗುತ್ತದೆ, ಆಮೇಲೆ ನೀರೂ ಬೇಡವಾಗುತ್ತದೆ. ಎಚ್ಚರವಿರುವ ಹೊತ್ತು ದಿನಕ್ಕೆ ಕೆಲವು ಗಂಟೆಗೆ, ಆಮೇಲೆ ಕೆಲವು ನಿಮಿಷಕ್ಕೆ ಇಳಿಯುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮಂಡಿಯ ಮೇಲೆ ನೇರಳೆ ಬಣ್ಣದ ಬಲೆಯಂಥ ಮಚ್ಚೆ ಕಾಣಿಸಿಕೊಳ್ಳುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಉಗುಳು ನುಂಗುವ ಶಕ್ತಿಯಿಲ್ಲದೆ ಅದು ಅಲ್ಲೇ ನಿಂತು, ಉಸಿರು ಅದರ ಮೂಲಕ ಹಾಯುವಾಗ ಆಗುವ ಸದ್ದು ಅದು. ಕೇಳುವವರಿಗೆ ಉಸಿರುಗಟ್ಟಿದಂತೆ ಅನ್ನಿಸುತ್ತದೆ. ಆದರೆ ಆ ಹೊತ್ತಿಗೆ ಪ್ರಜ್ಞೆ ಆಳಕ್ಕಿಳಿದಿರುವುದರಿಂದ ಮಲಗಿದವರಿಗೆ ಅದು ತೊಂದರೆ ಕೊಡುತ್ತಿರುವ ಲಕ್ಷಣ ಸಾಮಾನ್ಯವಾಗಿ ಕಾಣುವುದಿಲ್ಲ.

ಉಸಿರಾಟದ ಲಯವೂ ಬದಲಾಗುತ್ತದೆ. ಆಳವಾಗುತ್ತಾ ಹೋಗಿ, ಮತ್ತೆ ಮೆಲ್ಲಗಾಗಿ, ಪೂರ್ತಿ ನಿಂತುಬಿಡುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದರು. ಅದಕ್ಕೆ ಇವತ್ತಿಗೂ ಅವರಿಬ್ಬರ ಹೆಸರೇ ಇದೆ. ತೆರೆಯ ಮೇಲೆ ಇದನ್ನು ನೋಡಿದ ನೆನಪು ನನಗಿಲ್ಲ. ತೋರಿಸುವುದೂ ಕಷ್ಟವೇ. ಏನೂ ಆಗದ ಇಪ್ಪತ್ತು ಸೆಕೆಂಡನ್ನು ಪ್ರೇಕ್ಷಕರು ಎಷ್ಟು ಸಲ ನೋಡಿಯಾರು?

ಇಂಥ ಹೊತ್ತಿನಲ್ಲಿ ಸ್ಪಷ್ಟವಾದ ಕೊನೆಯ ಮಾತು ಬರುವುದು ಅಪರೂಪ. ಮಾತು ಮುಗಿದು ಎರಡು ಮೂರು ದಿನ ಆಗಿರುತ್ತದೆ. ಆಗ ಆಡಿದ್ದು “ದಿಂಬು ಸ್ವಲ್ಪ ಮೇಲೆ ಮಾಡು” ಎಂಬಂಥದ್ದಾಗಿರುತ್ತದೆ, ಅದೇ ಕೊನೆಯದೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾಯುತ್ತಾ ಕೂತ ಮಗನಿಗೆ ಅಪ್ಪ ತನಗೆ ಏನೂ ಹೇಳದೆ ಹೋದರು ಎನ್ನಿಸಿಬಿಡುತ್ತದೆ. ಇನ್ನೂ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. “ನೀವು ಕೊಟ್ಟ ಮಾರ್ಫಿನ್‌ನಿಂದಲೇ ಅವರು ಮಾತಾಡಲಿಲ್ಲ” ಎನ್ನುತ್ತಾರೆ. ಸಿನಿಮಾದಲ್ಲಿ ಮಾರ್ಫಿನ್ ಎಂದರೆ ಕೊನೆಯ ಇಂಜೆಕ್ಷನ್. ನಮ್ಮ ಕೈಯಲ್ಲಿ ಅದು ನೋವಿಗೂ ಏದುಸಿರಿಗೂ ಅಳೆದು ಕೊಡುವ ಔಷಧಿ. ಎಷ್ಟೋ ಜನ ಅದನ್ನು ತಿಂಗಳುಗಟ್ಟಲೆ ನುಂಗಿ ನಡೆದಾಡಿಕೊಂಡಿರುತ್ತಾರೆ. ಶುರುವಿನಲ್ಲಿ ಸ್ವಲ್ಪ ಮಂಪರು ತರುವುದುಂಟು, ನಿಜ. ಆದರೆ ಕೊನೆಯ ದಿನಗಳ ಆ ಆಳವಾದ ನಿದ್ದೆಯನ್ನು ಹೆಚ್ಚಾಗಿ ತರುವುದು ಕಾಯಿಲೆಯೇ.

ಕೊನೆಯ ಮಾತಿನ ವಿಷಯಕ್ಕೆ ಬಂದಾಗ ನನಗೆ 1971ರ ಹಿಂದಿ ಸಿನಿಮಾ ‘ಆನಂದ್’ ನೆನಪಾಗುತ್ತದೆ. ಹೃಷಿಕೇಶ್ ಮುಖರ್ಜಿಯವರ ನಿರ್ದೇಶನ, ರೋಗಿಯಾಗಿ ರಾಜೇಶ್ ಖನ್ನಾ, ವೈದ್ಯನಾಗಿ ಅಮಿತಾಭ್ ಬಚ್ಚನ್. ಕರುಳಿನ ಕ್ಯಾನ್ಸರ್ ಇರುವ ಆನಂದ್ ಸಿನಿಮಾದ ಬಹುಭಾಗ ನಗುತ್ತಾ ನಗಿಸುತ್ತಾ ಓಡಾಡುತ್ತಾನೆ. ಅಷ್ಟು ಮುಂದುವರಿದ ಕಾಯಿಲೆಯಲ್ಲಿ ಮೈ ಹಾಗಿರುವುದಿಲ್ಲ. ಆದರೆ ಕೊನೆಯ ದೃಶ್ಯವನ್ನು ಸರಿಯಾಗಿ ನೆನಪಿಸಿಕೊಳ್ಳಿ. ವೈದ್ಯ ಬರುವಷ್ಟರಲ್ಲಿ ಆನಂದ್ ಸತ್ತಿದ್ದಾನೆ. ಗೆಳೆಯನೂ ಆದ ಆ ವೈದ್ಯ ಮಾತಾಡು ಎಂದು ಗೋಗರೆಯುತ್ತಾನೆ. ಆಗ ಕೇಳಿಸುವ ದನಿ ಹಾಸಿಗೆಯಿಂದ ಬಂದದ್ದಲ್ಲ. ಬದುಕಿದ್ದಾಗಲೇ ಟೇಪಿನಲ್ಲಿ ಹಿಡಿದಿಟ್ಟದ್ದು. ಕೊನೆಯ ಮಾತಿಗೆ ಹೆಸರಾದ ಆ ಸಿನಿಮಾದಲ್ಲೂ ಮಾತು ಬಂದದ್ದು ಮೊದಲೇ! ನಾನು ಮನೆಯವರಿಗೆ ಇದನ್ನೇ ಹೇಳುವುದು. ಹೇಳಬೇಕಾದ್ದನ್ನು, ಕೇಳಬೇಕಾದ್ದನ್ನು ಈ ವಾರವೇ ಆಡಿ ಮುಗಿಸಿ. ಮುಂದಿನ ವಾರ ಅವರು ಹೆಚ್ಚು ಹೊತ್ತು ಮಲಗಿರುತ್ತಾರೆ.

ಆದರೆ ಆಡುವುದಾದರೂ ಹೇಗೆ? ಮನೆಯವರು ಬಾಗಿಲ ಹೊರಗೇ ನನ್ನನ್ನು ತಡೆದು “ಅವರಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ” ಎಂದಿರುತ್ತಾರೆ. ಒಳಗೆ ಹೋದರೆ ರೋಗಿ ಮೆಲ್ಲಗೆ ನನ್ನ ಕೈ ಹಿಡಿದು “ನಂಗೆ ಗೊತ್ತು, ಅವರಿಗೆ ಹೇಳ್ಬೇಡಿ, ತಡ್ಕೊಳಲ್ಲ” ಎನ್ನುತ್ತಾರೆ. ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೊರಟು ಒಂಟಿಯಾಗಿರುತ್ತಾರೆ.

ಇದನ್ನು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1952ರಲ್ಲೇ ‘ಇಕಿರು’ ಸಿನಿಮಾದಲ್ಲಿ ತೋರಿಸಿದ್ದಾರೆ. ಸರ್ಕಾರಿ ಕಚೇರಿಯ ವಯಸ್ಸಾದ ಅಧಿಕಾರಿ ವತನಬೆಗೆ ಹೊಟ್ಟೆಯ ಕ್ಯಾನ್ಸರ್. ವೈದ್ಯರನ್ನು ಕಾಣಲು ಕಾದು ಕೂತಾಗ ಇನ್ನೊಬ್ಬ ರೋಗಿ ಪಕ್ಕಕ್ಕೆ ಬಂದು ಗುಟ್ಟು ಹೇಳುತ್ತಾನೆ: ಬರೀ ಅಲ್ಸರ್, ಆಪರೇಷನ್ ಬೇಡ, ಬೇಕಾದ್ದು ತಿನ್ನಿ ಎಂದರೆ ಅದು ಕ್ಯಾನ್ಸರ್ ಅಂತಲೇ ತಿಳಿದುಕೊಳ್ಳಿ. ಒಳಗೆ ವೈದ್ಯರು ಅದನ್ನೇ ಹೇಳುತ್ತಾರೆ. ವತನಬೆಯಾಗಿ ನಟಿಸಿದ ಟಕಾಶಿ ಶಿಮುರಾರ ಆ ಮುಖ ನೋಡಿ. ನಿಜ ಹೇಳಿ ಎಂದು ಕಣ್ಣಲ್ಲೇ ಬೇಡುತ್ತಿದ್ದಾರೆ. ನಾವು ಸುಳ್ಳು ಹೇಳಿದಾಗ ರೋಗಿಯಿಂದ ಮರೆಯಾಗುವುದು ಕಾಯಿಲೆಯಲ್ಲ, ಅದರ ಬಗ್ಗೆ ಮಾತಾಡಲು ಇದ್ದ ಒಬ್ಬನೇ ಒಬ್ಬ ಜೊತೆಗಾರ. ವತನಬೆ ಕೊನೆಗೆ ವಿಷಯ ಬಾಯಿಬಿಡುವುದು ಬಾರಿನಲ್ಲಿ ಸಿಕ್ಕ ಅಪರಿಚಿತನ ಹತ್ತಿರ. ಸ್ವಂತ ಮಗನಿಗೆ ಹೇಳಲು ಆಗುವುದೇ ಇಲ್ಲ. ಕುರೊಸಾವಾ ಅವನ ಮರಣಶಯ್ಯೆಯನ್ನು ತೋರಿಸುವುದೂ ಇಲ್ಲ. ನಿರೂಪಕ ಅವನು ಸತ್ತ ಸುದ್ದಿ ಹೇಳಿಬಿಡುತ್ತಾನೆ. ಆಮೇಲಿನ ಭಾಗವೆಲ್ಲ ಉಳಿದವರು ಸೇರಿ ಕೂತು, ಅವನಿಗೆ ತನ್ನ ಕಾಯಿಲೆ ಗೊತ್ತಿತ್ತೋ ಇಲ್ಲವೋ ಎಂದು ವಾದಿಸುವುದು. ಇಷ್ಟು ನಿಜವಾದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಸ್ಪತ್ರೆಯ ದೃಶ್ಯಗಳದ್ದು ಇನ್ನೊಂದು ತೊಡಕು. ಮಾನಿಟರಿನಲ್ಲಿ ಗೆರೆ ನೇರವಾಗುತ್ತದೆ, ಎದೆಗೆ ಶಾಕ್ ಕೊಡುತ್ತಾರೆ, ರೋಗಿ ಏಳುತ್ತಾನೆ. ಹೃದಯದ ವಿದ್ಯುತ್ತು ಪೂರ್ತಿ ನಿಂತು ಗೆರೆ ನೇರವಾದಾಗ ಶಾಕ್ ಕೊಡುವುದೇ ಇಲ್ಲ. ಅದು ಕೆಲಸ ಮಾಡುವುದು ಹೃದಯ ಲಯ ತಪ್ಪಿ ಅದುರುತ್ತಿದ್ದಾಗ. ಅಮೆರಿಕದ ಟಿವಿ ಕಾರ್ಯಕ್ರಮಗಳನ್ನು ನೋಡಿ ಎಣಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ತೆರೆಯ ಮೇಲೆ, ಹೃದಯ ನಿಂತಾಗ ಬದುಕಿಸಲು ಎದೆ ಒತ್ತುವ ಚಿಕಿತ್ಸೆ (ಸಿಪಿಆರ್) ಪಡೆದ 60 ಮಂದಿಯಲ್ಲಿ ಶೇ. 75ರಷ್ಟು ಜನ ಆ ಕ್ಷಣಕ್ಕೆ ಬದುಕಿದ್ದರು. ನಿಜವಾದ ಆಸ್ಪತ್ರೆಯಲ್ಲಿ ಹೀಗೆ ಎದೆ ಒತ್ತಿಸಿಕೊಂಡವರಲ್ಲಿ ಮನೆಗೆ ಹೋಗುವವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಮೈಯೆಲ್ಲ ಹರಡಿದ ಕ್ಯಾನ್ಸರ್ ಇದ್ದವರಲ್ಲಿ ಅದಕ್ಕಿಂತ ಬಹಳ ಕಡಿಮೆ. ಒತ್ತುವಾಗ ಪಕ್ಕೆಲುಬು ಮುರಿಯುವುದು ಸಾಮಾನ್ಯ. “ಏನಾದ್ರೂ ಮಾಡಿ” ಎನ್ನುವವರ ಕಣ್ಣ ಮುಂದೆ ಟಿವಿಯ ಆ ಚಿತ್ರವಿರುತ್ತದೆ, ಪಕ್ಕೆಲುಬಿನದಲ್ಲ.

ಈ ಮಾತನ್ನು ಎತ್ತುವುದು ಹೇಗೆಂದು ಕಿರಿಯರಿಗೆ ಕಲಿಸುವಾಗ ನಾನು ಮೈಕ್ ನಿಕೋಲ್ಸ್ ನಿರ್ದೇಶಿಸಿದ ‘ವಿಟ್’ (2001) ಚಿತ್ರದ ಒಂದು ತುಣುಕು ಹಾಕುತ್ತೇನೆ. ಎಮ್ಮಾ ಥಾಂಪ್ಸನ್ ಅಂಡಾಶಯದ ಕ್ಯಾನ್ಸರ್ ಇರುವ ಪ್ರೊಫೆಸರ್. ಬೆದರಿದ ಅವಳ ಬಳಿಗೆ ನರ್ಸ್ ಐಸ್ ಕ್ಯಾಂಡಿ ತರುತ್ತಾಳೆ. ಅದರಲ್ಲಿ ಅರ್ಧ ನರ್ಸ್‌ಗೇ ಸಿಗುತ್ತದೆ. ಇಬ್ಬರೂ ಚೀಪುತ್ತಾ ಕೂತಿರುವಾಗ, ನಿಮ್ಮ ಹೃದಯ ನಿಂತರೆ ನಾವೇನು ಮಾಡಬೇಕು ಎಂಬ ಮಾತು ಬರುತ್ತದೆ. ಅವಸರವಿಲ್ಲ, ಕೈಯಲ್ಲಿ ಫೈಲ್ ಇಲ್ಲ. ನೋಡಿ, ನರ್ಸ್ ಕೂತಿದ್ದಾಳೆ, ನಿಂತಿಲ್ಲ. ನಾನು ಅಲ್ಲಿಗೆ ನಿಲ್ಲಿಸಿ ಅದೊಂದನ್ನೇ ತೋರಿಸುತ್ತೇನೆ.

ಆರೈಕೆ ಮಾಡುವವರಿಗಾಗಿಯೇ ಇದೆ ಎನ್ನಿಸುವ ಇನ್ನೊಂದು ಚಿತ್ರ ಮೈಕೆಲ್ ಹಾನೆಕೆಯ ‘ಅಮೂರ್’ (2012). ಪಾರ್ಶ್ವವಾಯು ಬಡಿದ ಹೆಂಡತಿ, ನೋಡಿಕೊಳ್ಳುವ ಮುದುಕ ಗಂಡ. ಅವನು ನೀರು ಕುಡಿಸಲು ನೋಡುತ್ತಾನೆ, ಅವಳು ಉಗುಳುತ್ತಾಳೆ. ಅವನ ಕೈ ಅವಳ ಕೆನ್ನೆಗೆ ಬೀಳುತ್ತದೆ, ಮರುಕ್ಷಣ ಕ್ಷಮೆ ಕೇಳುತ್ತಾನೆ. ಅದರ ಮುಕ್ತಾಯ ಬಹಳ ಕಠಿಣ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿಗೆ ಈಗಲೇ ನೋಡಿ ಎನ್ನಲಾರೆ. ಆದರೆ ಆ ಒಂದು ಏಟಿನ ನಾಚಿಕೆಯನ್ನು ನನ್ನ ಮುಂದೆ ಅತ್ತು ಹೇಳಿಕೊಂಡವರು ಒಬ್ಬಿಬ್ಬರಲ್ಲ. ಬಾಯಿಗೆ ತುತ್ತಿಡುವುದು ನಾವು ಪ್ರೀತಿಯನ್ನು ತೋರಿಸುವ ಮೊದಲ ರೀತಿ. ಅದನ್ನು ನಿಲ್ಲಿಸಿ ಎಂದು ನಾನು ಹೇಳುವಾಗ ಕೈಗೆ ಬೇರೆ ಕೆಲಸ ಕೊಡಬೇಕಾಗುತ್ತದೆ. ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಅಂಗಾಲಿಗೆ ಎಣ್ಣೆ ಹಚ್ಚುವುದು, ಮಗ್ಗುಲು ಬದಲಿಸುವುದು.

ಮತ್ತೆ, ಮಾತಾಡುವುದು. ಪ್ರತಿಕ್ರಿಯೆಯಿಲ್ಲದೆ ಮಲಗಿದ ಕೆಲವರ ಮಿದುಳು ಕೊನೆಯ ಗಂಟೆಗಳಲ್ಲೂ ಶಬ್ದಕ್ಕೆ ಸ್ಪಂದಿಸುತ್ತದೆಂದು 2020ರ ಒಂದು ಅಧ್ಯಯನ ತೋರಿಸಿತು. ಅವರಿಗೆ ಅರ್ಥವಾಗುತ್ತದೆಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ನಾನು ಮಾತಾಡಿ ಎನ್ನುತ್ತೇನೆ.

ಮೊದಲಿಗೆ ಹೇಳಿದ ಪ್ರಶ್ನೆ ಕೇಳಿದ್ದು ಒಬ್ಬ ಮಗಳು. ಬಹುಶಃ ಹೇಳುವುದಿಲ್ಲಮ್ಮಾ, ನೀವೇ ಹೇಳಿ, ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಪ್ಪ ಸೈಕಲ್ ಕಲಿಸಿದ ಕಥೆ ಶುರುಮಾಡಿದಳು. ಅವರು ಹಿಂದಿನಿಂದ ಕೈಬಿಟ್ಟದ್ದು, ತಾನು ಬಿದ್ದದ್ದು, ಮಂಡಿ ತರಚಿದ್ದು. ನಡುವೆ ಉಸಿರು ನಿಂತಿತು. “ಹೋದ್ರಾ?” ಎಂದಳು. ಇಲ್ಲ, ಇನ್ನೊಂದು ಬರುತ್ತೆ ಎಂದೆ. ಬಂತು. ಅವಳು ಕಥೆ ಮುಂದುವರಿಸಿದಳು. ಹೀಗೇ ಏಳೆಂಟು ಸಲ ಆಯಿತು. ಕೊನೆಕೊನೆಗೆ ಅವಳು ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಳು, ಉಸಿರು ನಿಂತಾಗ ತಾನೂ ಮಾತು ನಿಲ್ಲಿಸುತ್ತಿದ್ದಳು, ಬಂದಾಗ ಶುರುಮಾಡುತ್ತಿದ್ದಳು. ಕಥೆ ಇನ್ನೂ ಅರ್ಧದಲ್ಲಿದ್ದಾಗ ಮತ್ತೊಮ್ಮೆ ನಿಂತಿತು. ನಾವಿಬ್ಬರೂ ಕಾದೆವು.